ಸ್ಟಾಕ್ ಆರ್‌ಎಕ್ಸ್ 100: ದಾವಣಗೆರೆ ಸೆಕೆಂಡ್ಸ್ ಮಾರ್ಕೆಟ್‌ನಲ್ಲಿ ಎಷ್ಟಕ್ಕೆ ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು

ದಾವಣಗೆರೆಯಲ್ಲಿ ಹಳೇ ಯಮಹಾ ಆರ್‌ಎಕ್ಸ್ 100 ಕೇಳಿಕೊಂಡು ಹೋದರೆ ಬೆಲೆಗಿಂತ ಮೊದಲು ಕಿವಿಗೆ ಬೀಳುವ ಮಾತು ಇದು: ‘ಫುಲ್ ಸ್ಟಾಕ್ ಐತೆ ಅಣ್ಣಾ, ಎಂಜಿನ್‌ಗೆ ಇನ್ನೂ ಕೈ ಹಾಕಿಲ್ಲ.’ ಸ್ಟಾಕ್ ಎಂದರೆ ಕಂಪನಿಯಿಂದ ಬಂದ ಹಾಗೇ ಇರುವ, ಏನೂ ಬದಲಿಸದ ಗಾಡಿ. ಈ ಒಂದು ಮಾತಿನ ಮೇಲೆಯೇ ರೇಟು ಏರುತ್ತದೆ. 1985ರ ಕೊನೆಯಿಂದ 1996ರವರೆಗೆ ಎಸ್ಕಾರ್ಟ್ಸ್ ಕಂಪನಿ ನಮ್ಮ ದೇಶದಲ್ಲಿ ತಯಾರಿಸಿದ ಗಾಡಿ ಇದು. ತೀರಾ ಕೊನೆಗೆ ಬಂದದ್ದಕ್ಕೂ ಈಗ ಮೂವತ್ತು ವರ್ಷದ ಹತ್ತಿರ. ಅಷ್ಟು ವರ್ಷ ಓಡಿದ ಟೂ ಸ್ಟ್ರೋಕ್ ಎಂಜಿನ್‌ಗೆ ಯಾರೂ ಕೈ ಹಾಕಿಲ್ಲ ಎಂದರೆ ಒಂದೋ ಗಾಡಿ ಓಡಿಲ್ಲ, ಇಲ್ಲವೇ ಹೇಳುವವರಿಗೆ ಗಾಡಿಯ ಚರಿತ್ರೆ ಗೊತ್ತಿಲ್ಲ. ಎರಡೂ ಬೆಲೆ ಇಳಿಸುವ ಕಾರಣಗಳೇ.

ಗಾಡಿಯ ಬಗ್ಗೆ ಹೆಚ್ಚು ಹೇಳುವುದು ಬೇಕಿಲ್ಲ. 98 ಸಿಸಿ, ಬೋರ್ (ಸಿಲಿಂಡರ್ ಒಳಗಿನ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ., 7500 ಆರ್‌ಪಿಎಂನಲ್ಲಿ 11 ಹಾರ್ಸ್ ಪವರ್, ನಾಲ್ಕು ಗೇರು, ತೂಕ ಒಂದು ಕ್ವಿಂಟಲ್ ಆಸುಪಾಸು. ಈ ತೂಕಕ್ಕೆ ಈ ಪವರ್, ಅದೇ ಅದರ ಪಿಕಪ್‌ನ ಗುಟ್ಟು. ಬ್ರೇಕ್ ಎರಡೂ ಕಡೆ ಡ್ರಮ್, ಇವತ್ತಿನ ಟ್ರಾಫಿಕ್‌ಗೆ ಸಾಲದು. ಮೈಲೇಜ್ ಕೇಳಬೇಡಿ, ಪೆಟ್ರೋಲ್ ಜೊತೆ ಸುಡುವ 2ಟಿ ಆಯಿಲ್ ಖರ್ಚು ಬೇರೆ. ದಿನಾ ಆಫೀಸಿಗೆ ಹೋಗಲು ಗಾಡಿ ಬೇಕಿದ್ದರೆ ಇದನ್ನು ತಗೊಳ್ಳಬೇಡಿ, ಅದೇ ದುಡ್ಡಿಗೆ ಒಳ್ಳೆಯ ಫೋರ್ ಸ್ಟ್ರೋಕ್ ಸಿಗುತ್ತದೆ. ಇದನ್ನೇ ಬೇಕೆಂದು ಬರುವವರಿಗೆ ಮುಂದಿನದು.

ವರ್ಷ ಲೆಕ್ಕ ಹಾಕಿ ಬೆಲೆ ಇಳಿಸುವ ಪದ್ಧತಿ ಇಂಥ ಗಾಡಿಗೆ ನಡೆಯುವುದಿಲ್ಲ. ಇನ್ಶೂರೆನ್ಸ್‌ನವರ ಸವಕಳಿ ಕೋಷ್ಟಕವೇ ಐದು ವರ್ಷಕ್ಕೆ ಶೇ 50 ಎಂದು ಹೇಳಿ ನಿಂತುಬಿಡುತ್ತದೆ, ಆಮೇಲಿನದು ಕಂಪನಿ ಮತ್ತು ಮಾಲೀಕ ಕೂತು ಒಪ್ಪಿಕೊಳ್ಳುವ ಮೊತ್ತ. ಆನ್‌ಲೈನ್‌ನಲ್ಲಿ ಕಂಪನಿ, ಮಾಡೆಲ್, ವರ್ಷ ಕೇಳಿ ರೇಟು ಹೇಳುವ ಸೇವೆಗಳೂ ಆರೇಳು ವರ್ಷದ ಗಾಡಿಗೆ ಸರಿ. ಬ್ಲಾಕ್ (ಪಿಸ್ಟನ್ ಓಡುವ ಸಿಲಿಂಡರ್) ಎಷ್ಟು ಸಲ ಬೋರ್ ಆಗಿದೆ, ಅಂದರೆ ಸವೆದದ್ದನ್ನು ಕೊರೆಸಿ ಅಗಲ ಮಾಡಿಸಿದ್ದಾರೆ, ಮಡ್‌ಗಾರ್ಡ್ ಕಂಪನಿಯದೋ ಅಲ್ಲವೋ ಎಂದು ಅವು ಕೇಳುವುದೇ ಇಲ್ಲ. ಆರ್‌ಎಕ್ಸ್‌ನ ಬೆಲೆ ನಿಂತಿರುವುದು ಅಲ್ಲೇ. ಇನ್ನು ಜಾಹೀರಾತಿನಲ್ಲಿ ಕಾಣುವ ಲಕ್ಷದ ಮೇಲಿನ ಅಂಕಿ, ಅದು ಮಾರುವವನ ಆಸೆ. ಒಂದೇ ಫೋಟೊ ಮೂರು ತಿಂಗಳಿಂದ ಅದೇ ರೇಟಿಗೆ ಕೂತಿದೆ ಎಂದರೆ ಆ ರೇಟಿಗೆ ಕೊಳ್ಳುವವರು ಇಲ್ಲ ಎಂದೇ ತಿಳಿಯಬೇಕು.

ಬೆಲೆ ಕಟ್ಟುವಾಗ ಹಿಡಿಯಬೇಕಾದ ಅಳತೆ ಒಂದೇ: ಮತ್ತೆ ಸಿಗದ ಸಾಮಾನು ಎಷ್ಟು ಉಳಿದಿದೆ. ಟೈರು, ಚೈನ್ ಸೆಟ್, ಕೇಬಲ್, ಬ್ರೇಕ್ ಶೂ, ಕ್ಲಚ್ ಪ್ಲೇಟ್ ನಾಳೆಯೂ ಸಿಗುತ್ತವೆ. ಅವು ಹೊಸದಿದ್ದರೂ ಹಳೇದಿದ್ದರೂ ಬೆಲೆಯಲ್ಲಿ ಅವುಗಳ ಅಂಗಡಿ ರೇಟಿನಷ್ಟೇ ಏರಿಳಿತ. ಆರ್‌ಸಿಗೆ ಹೊಂದುವ ನಂಬರ್ ಇರುವ ಕ್ರ್ಯಾಂಕ್‌ಕೇಸ್ (ಎಂಜಿನ್‌ನ ಕೆಳಗಿನ ಕವಚ), ಸ್ಟ್ಯಾಂಡರ್ಡ್ ಬೋರ್‌ನ ಬ್ಲಾಕ್, ಕಂಪನಿ ಸೈಲೆನ್ಸರ್, ಕ್ರೋಮ್ ಮಡ್‌ಗಾರ್ಡ್, ಪುಟ್ಟಿ ಕಾಣದ ಟ್ಯಾಂಕ್ ಮಾತ್ರ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ. ಸ್ಟಾಕ್ ಎಂಬ ಮಾತಿಗೆ ಹೆಚ್ಚಿಗೆ ಕೊಡುವುದಾದರೆ ಇವುಗಳಿಗೆ ಕೊಡಬೇಕು. ಮಿರಮಿರ ಹೊಳೆಯುವ ಹೊಸ ಪೇಂಟಿಗಲ್ಲ.

ಮೊದಲು ಕಾಗದ

ಗಾಡಿ ನೋಡುವ ಮೊದಲು ಆರ್‌ಸಿ ನೋಡಿ. ಕೆಎ-17 ದಾವಣಗೆರೆ, ಕೆಎ-16 ಚಿತ್ರದುರ್ಗ. ಮೂರು ಅಕ್ಷರ, ನಾಲ್ಕು ಅಂಕಿಯ ಹಳೇ ನಂಬರ್ ಇದ್ದರೆ ಅದು ಕೆಎ ಸರಣಿ ಬರುವ ಮುಂಚಿನ ನೋಂದಣಿ. ಆರಂಭದ ವರ್ಷಗಳ ಗಾಡಿ ಎಂದು ಅದಕ್ಕೆ ಹೆಚ್ಚು ಕೊಡುವವರಿದ್ದಾರೆ, ತಪ್ಪಿಲ್ಲ.

ಖಾಸಗಿ ಬೈಕಿನ ನೋಂದಣಿ ಮೊದಲು 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ. 1994ರ ಗಾಡಿ ಎಂದರೆ 2009, 2014, 2019, 2024 ಈ ನಾಲ್ಕು ಸಲ ರಿನೀವಲ್ ಆಗಿರಬೇಕು, ಈಗಿನದು 2029ರವರೆಗೆ ಇರಬೇಕು. ಹಳೇ ಆರ್‌ಸಿ ಬುಕ್‌ನಲ್ಲಿ 2014ರ ಮೊಹರೇ ಕೊನೆಯದಾಗಿದ್ದರೆ ಗಾಡಿ 2019ರಿಂದ ಈಚೆಗೆ ಕಾನೂನಿನ ಪ್ರಕಾರ ರಸ್ತೆಗೆ ಇಳಿಯುವಂತಿರಲಿಲ್ಲ ಎಂದರ್ಥ. ರಿನೀವಲ್‌ಗೆ ಫಾರಂ 25. 2025ರ ಆಗಸ್ಟ್‌ನ ತಿದ್ದುಪಡಿ ಬಂದ ಮೇಲೆ 20 ವರ್ಷ ದಾಟಿದ ಬೈಕಿಗೆ ಶುಲ್ಕ 2000 ರೂಪಾಯಿ. ತಡವಾದ ತಿಂಗಳುಗಳ ದಂಡ ಬೇರೆ, ಹಳೇ ಗಾಡಿಗೆ ಹಾಕುವ ಹಸಿರು ತೆರಿಗೆ ಬೇರೆ. ದಂಡದ ಮೊತ್ತವನ್ನು ಬಾಯಿಮಾತಿನಲ್ಲಿ ನಂಬದೆ ಸರ್ಕಾರದ ವಾಹನ್ ಪೋರ್ಟಲ್‌ನಲ್ಲಿ ನಂಬರ್ ಹಾಕಿ, ಬರುವ ಅಂಕಿಯನ್ನು ನೇರವಾಗಿ ಬೆಲೆಯಲ್ಲಿ ಕಳೆಯಿರಿ. ‘ಎಲ್ಲಾ ನಾನೇ ಮಾಡಿಸಿ ಕೊಡ್ತೀನಿ’ ಎಂದರೆ, ಮಾಡಿಸಿದ ಮೇಲೆ ಬರುತ್ತೇವೆ ಎನ್ನಿ.

ಕೈಬರಹದ ಆರ್‌ಸಿ ಬುಕ್ ಇದ್ದ ಗಾಡಿಗಳಲ್ಲಿ ಇನ್ನೊಂದು ತೊಡಕು ಇದೆ. ಕೆಲವು ದಾಖಲೆಗಳು ಇನ್ನೂ ಕಂಪ್ಯೂಟರ್‌ಗೆ ಏರಿರುವುದಿಲ್ಲ. ಪೋರ್ಟಲ್‌ನಲ್ಲಿ ನಂಬರ್ ಹೊಡೆದರೆ ಏನೂ ಬರದಿದ್ದರೆ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಆಗುವವರೆಗೆ ಹೆಸರು ವರ್ಗಾವಣೆ ಮುಂದೆ ಸಾಗದು. ಅಲೆದಾಟ ಆಗುತ್ತದೆ, ಆದರೆ ಆಗದ ಕೆಲಸವಲ್ಲ. ಮಾಲೀಕರು ತೀರಿಕೊಂಡಿದ್ದರೆ ವಂಶವೃಕ್ಷ, ಮರಣ ಪ್ರಮಾಣಪತ್ರ, ಉಳಿದ ವಾರಸುದಾರರ ಒಪ್ಪಿಗೆ ಇಟ್ಟುಕೊಂಡು ಮೊದಲು ಫಾರಂ 31ರಲ್ಲಿ ಮಗನ ಹೆಸರಿಗೋ ಹೆಂಡತಿ ಹೆಸರಿಗೋ ಆಗಬೇಕು, ಆಮೇಲೆ ನಿಮ್ಮ ಹೆಸರಿಗೆ. ಅಣ್ಣತಮ್ಮಂದಿರಲ್ಲಿ ಒಬ್ಬ ಸಹಿ ಹಾಕದಿದ್ದರೆ ಗಾಡಿ ಎಷ್ಟೇ ಚೆನ್ನಾಗಿದ್ದರೂ ಅದರ ಬೆಲೆ ಬಿಚ್ಚಿ ಮಾರಿದರೆ ಬರುವ ಸಾಮಾನಿನ ಬೆಲೆಯಷ್ಟೇ.

ಚಳ್ಳಕೆರೆ, ಮೊಳಕಾಲ್ಮುರು ಕಡೆ ಆಂಧ್ರ ನಂಬರಿನ ಆರ್‌ಎಕ್ಸ್ ಕಡಿಮೆ ರೇಟಿಗೆ ಸಿಕ್ಕರೆ ಹಿಗ್ಗಬೇಡಿ. ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ, ಇಲ್ಲಿನ ತೆರಿಗೆ, ಹೊಸ ಕೆಎ ನಂಬರ್, ಎಲ್ಲಾ ಸೇರಿ ಉಳಿತಾಯವನ್ನು ನುಂಗುತ್ತವೆ. ಹೊಸ ನಂಬರ್ ಬಂದ ಮೇಲೆ ‘ಹಳೇ ನಂಬರ್’ ಎಂಬ ಮೆರುಗೂ ಹೋಗುತ್ತದೆ.

ಇನ್ಶೂರೆನ್ಸ್ ದೊಡ್ಡ ವಿಷಯವಲ್ಲ. 75ರಿಂದ 150 ಸಿಸಿ ಬೈಕಿಗೆ 2022ರಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ಪ್ರೀಮಿಯಂ 714 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಎಮಿಷನ್ ಟೆಸ್ಟ್ ಆರು ತಿಂಗಳಿಗೊಮ್ಮೆ. 2000ಕ್ಕಿಂತ ಮುಂಚಿನ ದ್ವಿಚಕ್ರಕ್ಕೆ ಕಾರ್ಬನ್ ಮೊನಾಕ್ಸೈಡ್ ಮಿತಿ ಶೇ 4.5, ಸರಿಯಾಗಿ ಟ್ಯೂನ್ ಆದ ಆರ್‌ಎಕ್ಸ್ ಇದನ್ನು ಪಾಸಾಗುತ್ತದೆ. ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ 2019ರ ಏಪ್ರಿಲ್‌ಗಿಂತ ಮುಂಚಿನ ಗಾಡಿಗೂ ಬೇಕು. ಹಾಕಿಸಿಲ್ಲ ಎಂದರೆ ಆ ಖರ್ಚೂ ಲೆಕ್ಕಕ್ಕೆ.

ಪೆನ್ಸಿಲ್ ಪ್ರಿಂಟ್

ಆರ್‌ಸಿ ಕೈಯಲ್ಲಿ ಹಿಡಿದು ಹ್ಯಾಂಡಲ್ ಕೆಳಗಿನ ತಲೆಯ ಭಾಗದಲ್ಲಿರುವ ಚಾಸಿ ನಂಬರ್ ನೋಡಿ. ಸೀಮೆಎಣ್ಣೆ ಬಟ್ಟೆಯಿಂದ ಕೊಳೆ ಒರೆಸಿ, ತೆಳ್ಳನೆಯ ಬಿಳಿ ಕಾಗದ ಇಟ್ಟು ಪೆನ್ಸಿಲ್ ಅಡ್ಡ ಮಾಡಿ ಉಜ್ಜಿ. ಕಂಪನಿ ಪಂಚ್ ಆದರೆ ಅಂಕಿಗಳ ಎತ್ತರ ಒಂದೇ, ಸಾಲು ನೇರ, ಆಳ ಸಮ. ಗ್ರೈಂಡರ್ ಬಿದ್ದ ಕಡೆ ಕಾಗದದ ಮೇಲೆ ಅಂಕಿಗಳ ಸುತ್ತ ಸಣ್ಣ ಸಣ್ಣ ಓರೆ ಗೀರುಗಳು ಮೂಡುತ್ತವೆ. ಬರಿಗಣ್ಣಿಗೆ ಕಾಣದ್ದು ಪೆನ್ಸಿಲ್‌ಗೆ ಸಿಗುತ್ತದೆ. ಒಂದು ಅಂಕಿ ಮಾತ್ರ ಆಳವಾಗಿ ಬಿದ್ದಿದ್ದರೂ ಅನುಮಾನ ಪಡಿ. ಎಂಜಿನ್ ನಂಬರ್‌ಗೂ ಇದೇ ಕೆಲಸ.

ಎಂಜಿನ್ ನಂಬರ್ ಹೊಂದದಿದ್ದರೆ ಬೇರೆ ಗಾಡಿಯ ಎಂಜಿನ್ ಕೂರಿಸಿದ್ದಾರೆ. ಆರ್‌ಟಿಒ ಅನುಮತಿ ಪಡೆದು ಆರ್‌ಸಿಯಲ್ಲಿ ನಮೂದಾಗಿದ್ದರೆ ಓಡಿಸಲು ಅಡ್ಡಿಯಿಲ್ಲ, ಆದರೆ ಅದು ಸ್ಟಾಕ್ ಅಲ್ಲ. ನಮೂದಾಗದಿದ್ದರೆ ಮಾತುಕತೆ ಅಲ್ಲಿಗೇ ಮುಗಿಯಬೇಕು. ಆರ್‌ಸಿಯಲ್ಲಿ ಬಣ್ಣದ ಕಾಲಂ ಕೂಡ ಇರುತ್ತದೆ, ಯಾರೂ ನೋಡುವುದಿಲ್ಲ. ಆರ್‌ಸಿ ಕಪ್ಪು ಎನ್ನುತ್ತದೆ, ಗಾಡಿ ಚೆರ್ರಿ ಕೆಂಪು ಇದೆ ಎಂದರೆ ಪೇಂಟ್ ಕಂಪನಿಯದಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಸೈಡ್ ಡೋರ್ ತೆಗೆದು ಹಿಂಬದಿ ತಿರುಗಿಸಿ, ಹಳೇ ಬಣ್ಣ ಅಲ್ಲಿ ಉಳಿದಿರುತ್ತದೆ. ವೈರು, ರಬ್ಬರ್ ಬುಷ್ ಮೇಲೆ ಬಣ್ಣದ ಹನಿ ಇದ್ದರೆ ಬಿಚ್ಚದೇ ಸ್ಪ್ರೇ ಹೊಡೆದಿದ್ದಾರೆ.

ಎಂಜಿನ್: ಹೊರಗಿನಿಂದ ಎಷ್ಟು ಗೊತ್ತಾಗುತ್ತದೆ

ಮೊದಲು ಬ್ಲಾಕ್ ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಮುಟ್ಟಬೇಡಿ ಎಂದು ಹೇಳಿ ಹೊರಡಿ. ತಣ್ಣಗಿನ ಆರ್‌ಎಕ್ಸ್ ಚೋಕ್ ಎಳೆದು ಎರಡು ಮೂರು ಕಿಕ್‌ಗೆ ಎದ್ದರೆ ಕಾರ್ಬ್ಯುರೇಟರ್, ರೀಡ್ ವಾಲ್ವ್, ಕಂಪ್ರೆಷನ್ ಮೂರೂ ತಕ್ಕಮಟ್ಟಿಗೆ ಇವೆ. ಕಿಕ್ ಲೀವರ್ ಮೇಲೆ ಅಂಗೈ ಭಾರ ಬಿಟ್ಟಾಗ ತಡೆದು ತಡೆದು ಇಳಿಯಬೇಕು. ನೀರಿನಲ್ಲಿ ಕೈ ಇಳಿದಂತೆ ಸರಾಗ ಇಳಿದರೆ ರಿಂಗ್, ಬೋರ್ ಎರಡರ ಖರ್ಚೂ ಬಂತು. ಕಂಪ್ರೆಷನ್ ಅಳೆಯುವ ಗೇಜ್ ಇದ್ದರೆ ಎಂಜಿನ್ ಬಿಸಿ ಮಾಡಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಐದಾರು ಕಿಕ್ ಹೊಡೆಯಿರಿ. ಮೂರು ಸಲ ನೋಡಿದರೂ ಅಂಕಿ ಹೆಚ್ಚುಕಡಿಮೆ ಒಂದೇ ಬರಬೇಕು.

ಕ್ಲಚ್ ಕವರ್‌ನ ಸ್ಕ್ರೂ ತಲೆಗಳನ್ನು ಟಾರ್ಚ್ ಹಾಕಿ ನೋಡಿ. ಕಂಪನಿಯಿಂದ ಬಂದದ್ದು ನಕ್ಷತ್ರದಂಥ ನಾಲ್ಕು ಸೀಳಿನ ಸ್ಕ್ರೂ. ಸೀಳು ಚೂಪಾಗಿ, ಅಂಚು ಸವೆಯದೆ ಇದ್ದರೆ ಕೈ ಕಡಿಮೆ ಬಿದ್ದಿದೆ. ಸೀಳು ದುಂಡಗಾಗಿ, ಚಿಸಲ್ ಇಟ್ಟು ಹೊಡೆದ ಗುರುತಿದ್ದರೆ ಹತ್ತಾರು ಸಲ ತೆರೆದಿದ್ದಾರೆ. ಆಲನ್ ಬೋಲ್ಟ್ ಇದ್ದರೆ ಯಾರೋ ಬುದ್ಧಿವಂತ ಮೆಕ್ಯಾನಿಕ್ ಕೈಯಲ್ಲಿ ಹೋಗಿಬಂದಿದೆ. ಕೆಟ್ಟದ್ದೇನಲ್ಲ, ಆದರೆ ‘ಕಂಪನಿ ಬೋಲ್ಟೇ ಐತೆ’ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು.

ಹೊಗೆ ಓದುವುದು ಮುಖ್ಯ. ಟೂ ಸ್ಟ್ರೋಕ್ ಸ್ಟಾರ್ಟ್ ಆದಾಗ ಬಿಳಿ ಹೊಗೆ ಸಹಜ. ಐದು ನಿಮಿಷ ಓಡಿಸಿದ ಮೇಲೂ ದಟ್ಟ ಹೊಗೆ ನಿಲ್ಲದೆ, ವಾಸನೆ 2ಟಿಯದಲ್ಲದೆ ಸುಟ್ಟ ಗೇರ್ ಆಯಿಲ್‌ನದಾಗಿದ್ದರೆ ಕ್ಲಚ್ ಕಡೆಯ, ಅಂದರೆ ಬಲಗಡೆಯ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಎಂಜಿನ್ ಗೇರ್ ಬಾಕ್ಸ್‌ನ ಆಯಿಲನ್ನೇ ಎಳೆದು ಸುಡುತ್ತಿದೆ. ಎಡಗಡೆ ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಕಡೆಯ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಗಾಳಿ ಒಳಗೆ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ತಕ್ಷಣ ಇಳಿಯದೆ ‘ರೊಂಯ್’ ಎಂದು ತೇಲುತ್ತಿರುತ್ತದೆ. ಇದನ್ನೇ ‘ಪಿಕಪ್ ಚೆನ್ನಾಗಿದೆ’ ಎಂದು ತೋರಿಸುವವರಿದ್ದಾರೆ. ಹಾಗೇ ಓಡಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್, ಆಯಿಲ್ ಕಡಿಮೆ ಬಿದ್ದು ಪಿಸ್ಟನ್ ಹಿಡಿಯುತ್ತದೆ, ಅಂದರೆ ಬ್ಲಾಕ್‌ಗೆ ಕಚ್ಚಿಕೊಳ್ಳುತ್ತದೆ. ಕಾರ್ಬ್ಯುರೇಟರ್ ಜಾಯಿಂಟ್ ರಬ್ಬರ್ ಬಿರುಕು ಬಿಟ್ಟಿದ್ದರೂ ಇದೇ ಲಕ್ಷಣ. ಹಾಗಾಗಿ ಮೊದಲು ರಬ್ಬರ್ ನೋಡಿ, ಆಮೇಲೆ ಸೀಲ್. ರಬ್ಬರ್‌ಗೆ ಕೆಲವು ನೂರು, ಸೀಲ್‌ಗೆ ಅರ್ಧ ದಿನದ ಕೂಲಿಯೂ ಸೇರುತ್ತದೆ.

ಮ್ಯಾಗ್ನೆಟ್ ಕವರ್ ಬಿಚ್ಚಿ, ಮ್ಯಾಗ್ನೆಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಆಟ ಇದ್ದರೆ ಕ್ರ್ಯಾಂಕ್ ಬೇರಿಂಗ್ ಮುಗಿದಿದೆ. ಓಡುವಾಗ ನಡು ರೇಸ್‌ನಲ್ಲಿ ‘ಟಕ್ ಟಕ್’ ಬಂದರೆ ಕನೆಕ್ಟಿಂಗ್ ರಾಡ್. ಎರಡರಲ್ಲಿ ಯಾವುದಾದರೂ ಎಂಜಿನ್ ಪೂರ್ತಿ ಇಳಿಸಿ, ಕೇಸ್ ಒಡೆದು, ಕ್ರ್ಯಾಂಕನ್ನು ಪ್ರೆಸ್‌ಗೆ ಕೊಟ್ಟು, ಅಲೈನ್ ಮಾಡಿಸಿ ಕೂರಿಸುವ ಕೆಲಸ. ಅಲೈನ್ ಸರಿಯಾಗದಿದ್ದರೆ ಗಾಡಿ ಜೀವಮಾನವಿಡೀ ನಡುಗುತ್ತದೆ. ಹಾಗಾಗಿ ಕ್ರ್ಯಾಂಕ್ ಕೆಲಸ ಬಾಕಿ ಇರುವ ಗಾಡಿಗಿಂತ ಯಾರೋ ಅಡ್ಡಾದಿಡ್ಡಿ ಕ್ರ್ಯಾಂಕ್ ಕೆಲಸ ಮಾಡಿಸಿದ ಗಾಡಿಗೆ ಇನ್ನೂ ಕಡಿಮೆ ಕೊಡಬೇಕು.

ಈಗ ಬೆಲೆ ನಿಜವಾಗಿ ನಿರ್ಧಾರವಾಗುವ ಜಾಗ. ಮಾರುವವರು ಒಪ್ಪಿದರೆ ಸೈಲೆನ್ಸರ್ ಇಳಿಸಿ, ಬ್ಲಾಕ್‌ನ ಹೊಗೆ ಹೋಗುವ ಪೋರ್ಟ್‌ನಲ್ಲಿ ಟಾರ್ಚ್ ಹಾಕಿ. ಕಿಕ್ ಅನ್ನು ಕೈಯಿಂದ ಮೆಲ್ಲಗೆ ಇಳಿಸುತ್ತಾ ಹೋದರೆ ಪಿಸ್ಟನ್ ಮೈ ಮತ್ತು ರಿಂಗ್ ಕಾಣಿಸುತ್ತವೆ. ಮೈ ಮೇಲೆ ಉದ್ದುದ್ದ ಗೀರು ಇದ್ದರೆ ಒಮ್ಮೆಯಾದರೂ ಪಿಸ್ಟನ್ ಹಿಡಿದಿದೆ. ಪೋರ್ಟ್‌ನ ಅಂಚು ನೋಡಿ. ಕಂಪನಿ ಎರಕದ ಮೇಲ್ಮೈ ಒರಟು, ಅಂಚು ಒಂದೇ ಸಮ. ಕೈ ಗ್ರೈಂಡರ್ ಹಿಡಿದು ಅಗಲ ಮಾಡಿದ್ದರೆ ಒಳಗೆ ಕನ್ನಡಿಯಂಥ ಹೊಳಪು ಇಲ್ಲವೇ ಅಲೆಅಲೆ ಗೀರು ಇರುತ್ತದೆ. ಹೊರಗೆಲ್ಲ ಸ್ಟಾಕ್, ಒಳಗೆ ಪೋರ್ಟಿಂಗ್: ದಾವಣಗೆರೆಯಂಥ ಕಾಲೇಜು ಊರಲ್ಲಿ ಓಡಿದ ಗಾಡಿಗಳಲ್ಲಿ ಇದನ್ನು ನೋಡದೆ ಬಿಡಬಾರದು. ಬ್ಲಾಕ್ ಕತ್ತರಿಸಿದ್ದನ್ನು ತಿರುಗಿ ಕೂಡಿಸಲು ಬರುವುದಿಲ್ಲ, ಸ್ಟಾಕ್ ಎಂದು ಕೇಳಿದ ಹೆಚ್ಚಿನ ದುಡ್ಡು ಇಲ್ಲಿಗೆ ಸೊನ್ನೆ.

ಹೆಡ್‌ನ 4 ನಟ್ ಬಿಚ್ಚಲು ಬಿಟ್ಟರೆ ಇನ್ನೂ ಒಳ್ಳೆಯದು, ಹೊಸ ಗ್ಯಾಸ್ಕೆಟ್ ನಿಮ್ಮ ಖರ್ಚಿನಲ್ಲೇ ಹಾಕಿಸಿಕೊಡಿ. ಪಿಸ್ಟನ್ ತಲೆಯ ಮೇಲಿನ ಮಸಿ ಕೆರೆದರೆ ಸೈಜ್ ಕಾಣುತ್ತದೆ. ಅಂಕಿ ಇಲ್ಲದಿದ್ದರೆ ಸ್ಟ್ಯಾಂಡರ್ಡ್ ಇರಬಹುದು, ಕ್ಯಾಲಿಪರ್ ಇಟ್ಟು ಬೋರ್ ಅಳೆದು ಖಾತ್ರಿ ಮಾಡಿಕೊಳ್ಳಿ. 0.25, 0.50, 0.75, 1.00 ಎಂದಿದ್ದರೆ ಅಷ್ಟು ಮಿ.ಮೀ. ಬೋರ್ ಹೊಡೆಸಿದ್ದಾರೆ. 50 ಮಿ.ಮೀ. ಬೋರ್ 51ಕ್ಕೆ ಬಂದರೆ ಆ ಬ್ಲಾಕ್‌ನ ಆಯುಷ್ಯ ಮುಗಿದಂತೆ, ಮುಂದಿನ ಸಲ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್ ಹಾಕಿಸಬೇಕು. ಕ್ಯಾಲಿಪರ್ 58 ತೋರಿಸಿದರೆ? ಅದು ಆರ್‌ಎಕ್ಸ್ 135ರ ಅಳತೆ, ಯಾರೋ ದೊಡ್ಡ ಬ್ಲಾಕ್ ಕೂರಿಸಿದ್ದಾರೆ. ಓಡಿಸಲು ಮಜಾ ಕೊಡುತ್ತದೆ, ಆದರೆ ನೀವು ಕೊಳ್ಳಲು ಬಂದದ್ದು 100.

ಆಯಿಲ್ ಪಂಪ್ ಮರೆಯಬಾರದು. ಈ ಗಾಡಿಯಲ್ಲಿ 2ಟಿ ಆಯಿಲ್‌ಗೆ ಬೇರೆ ಟ್ಯಾಂಕ್, ಅದನ್ನು ಆಕ್ಸಿಲರೇಟರ್‌ಗೆ ತಕ್ಕಂತೆ ಹನಿಸುವ ಪಂಪ್ ಕಂಪನಿಯಿಂದಲೇ ಬಂದಿದೆ. ಪಂಪ್ ಕೆಟ್ಟಾಗ ರಿಪೇರಿ ಬದಲು ಅದನ್ನು ಮುಚ್ಚಿ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವುದು ಗ್ಯಾರೇಜಿನ ಸುಲಭ ದಾರಿ. ‘ಲೀಟರ್‌ಗೆ ಇಷ್ಟು ಆಯಿಲ್ ಹಾಕ್ರಿ ಸಾಕು’ ಎಂದು ಮಾಲೀಕರು ಅಳತೆ ಹೇಳಿದ ಕೂಡಲೇ ಪಂಪ್ ಇಲ್ಲ ಎಂದು ತಿಳಿಯಿರಿ. ಗಾಡಿ ಓಡುತ್ತದೆ, ಬೆಲೆ ಮಾತ್ರ ಒಂದು ಪಂಪ್‌ನಷ್ಟು ಇಳಿಯಬೇಕು.

ಮೈ, ಕ್ರೋಮ್, ಹೊರೆ

ಬಯಲುಸೀಮೆಯ ಗಾಡಿಗೆ ಒಂದು ಅನುಕೂಲ: ತುಕ್ಕು ಕಡಿಮೆ. ಕರಾವಳಿಯಲ್ಲಿ ಹತ್ತು ವರ್ಷಕ್ಕೆ ಉದುರುವ ಕ್ರೋಮ್ ಚಿತ್ರದುರ್ಗದ ಒಣ ಹವೆಯಲ್ಲಿ ಇನ್ನೂ ಉಳಿದಿರುವುದುಂಟು. ಆದರೆ ಜಗಳೂರು, ಚಳ್ಳಕೆರೆ ಕಡೆಯ ಧೂಳು ಎಂಜಿನ್‌ಗೆ ಶತ್ರು. ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಫೋಮ್ ಇಲ್ಲದೆ ಓಡಿಸಿದ್ದರೆ ಆ ಧೂಳೆಲ್ಲ ಬೋರ್‌ಗೆ ಮರಳು ಕಾಗದದ ಕೆಲಸ ಮಾಡಿರುತ್ತದೆ.

ಹರಿಹರ, ಹೊನ್ನಾಳಿ, ಚನ್ನಗಿರಿ ಕಡೆಯ ಹಳ್ಳಿ ಗಾಡಿಗಳ ಕಥೆ ಬೇರೆ. ಅಲ್ಲಿ ಗಾಡಿಯನ್ನು ಮಾಡಿಫೈ ಮಾಡುವವರು ಕಡಿಮೆ, ಭತ್ತದ ಚೀಲ, ಹಾಲಿನ ಕ್ಯಾನ್ ಹೇರುವವರು ಹೆಚ್ಚು. ಹೀಗಾಗಿ ನೋಡಲು ಪಕ್ಕಾ ಸ್ಟಾಕ್, ಹಿಂಭಾಗ ಮಾತ್ರ ದಣಿದಿರುತ್ತದೆ. ಹಿಂದಿನ ಮಡ್‌ಗಾರ್ಡ್ ಚಾಸಿಗೆ ಕೂರುವ ಜಾಗದಲ್ಲಿ ಬಿರುಕು, ಶಾಕ್ಸ್ ಕೂರುವ ಕೆಳಗಿನ ಸ್ಟಡ್ ಬಾಗಿರುವುದು, ಕ್ಯಾನ್ ಉಜ್ಜಿ ಸೈಡ್ ಡೋರ್ ಮೇಲೆ ಅಡ್ಡ ಗೆರೆ, ಕ್ಯಾರಿಯರ್‌ಗಾಗಿ ಚಾಸಿಗೇ ವೆಲ್ಡ್ ಹೊಡೆದ ಪಟ್ಟಿ. ಕೊನೆಯದು ಕಂಡರೆ ಬೆಲೆ ದೊಡ್ಡದಾಗಿ ಇಳಿಸಿ. ಹಿಂದಿನ ಚಕ್ರವನ್ನು ಎರಡೂ ಪಕ್ಕಕ್ಕೆ ಎಳೆದಾಗ ‘ಕಟಕ್’ ಎಂದರೆ ಸ್ವಿಂಗ್ ಆರ್ಮ್ ಬುಷ್. ಮುಂದಿನ ಚಕ್ರ ನೆಲ ಬಿಡಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿದಾಗ ನಡುವಿನಲ್ಲಿ ಗುಳಿಯೊಳಗೆ ಬಿದ್ದಂತೆ ನಿಂತರೆ ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್). ಎರಡೂ ಸಣ್ಣ ಖರ್ಚು.

ಟ್ಯಾಂಕ್‌ಗೆ ಸಣ್ಣ ಅಯಸ್ಕಾಂತ ಹಿಡಿಯಿರಿ. ಪುಟ್ಟಿ ಮೆತ್ತಿದ ಕಡೆ ಹಿಡಿತ ಸಡಿಲ. ಮುಚ್ಚಳ ತೆಗೆದು ಟಾರ್ಚ್ ಹಾಕಿದರೆ ತಳದಲ್ಲಿ ಕೆಂಪು ಪುಡಿ ಕಾಣಬಾರದು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ತೇವ ಎಳೆದುಕೊಳ್ಳುತ್ತದೆ, ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹಳೇ ಪೆಟ್ರೋಲ್ ಪೈಪು, ಕಾಕ್‌ನ ವಾಷರ್ ಉಬ್ಬುತ್ತವೆ. ‘ವರ್ಷಕ್ಕೆ ಎರಡು ಸಲ ಅಷ್ಟೇ ತೆಗೆಯೋದು’ ಎಂಬ ಗಾಡಿಯಲ್ಲಿ ಇದನ್ನು ಮೊದಲು ನೋಡಬೇಕು.

ಸೈಲೆನ್ಸರ್ ಬಾಲದ ತುದಿಯಲ್ಲಿ ಒಳಗಿನ ಫಿಲ್ಟರ್ ಇದೆಯೇ, ಹೊಟ್ಟೆಯಲ್ಲಿ ಕೊಯ್ದು ವೆಲ್ಡ್ ಮಾಡಿದ ಗೆರೆ ಇದೆಯೇ ನೋಡಿ. ಕಾರ್ಬ್ಯುರೇಟರ್ ಮೈ ಮೇಲೆ ಮಿಕುನಿ ಎಂಬ ಹೆಸರು ಎರಕದಲ್ಲೇ ಇರಬೇಕು. ಮೀಟರ್ ಕಿಲೋಮೀಟರ್ ನೋಡಿ ಬೆಲೆ ಹೇಳುವುದು ಹುಚ್ಚುತನ. ಮೂವತ್ತು ವರ್ಷದಲ್ಲಿ ಕೇಬಲ್ ಎಷ್ಟು ಸಲ ತುಂಡಾಗಿದೆಯೋ ಯಾರಿಗೆ ಗೊತ್ತು. ಅದರ ಬದಲು ಬ್ರೇಕ್ ಪೆಡಲ್‌ನ ಅಂಚು, ಕಿಕ್ ಲೀವರ್‌ನ ಹಲ್ಲು ಎಷ್ಟು ಸವೆದಿದೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2319 ಎಂದರೆ 2019ರ 23ನೇ ವಾರ. ಗುಂಡಿ (ನೆಲ ಹಿಡಿಯುವ ಉಬ್ಬು) ಚೆನ್ನಾಗಿದ್ದರೂ ಆರೇಳು ವರ್ಷದ ಟೈರು ಬದಲಿಸುವ ಖರ್ಚಿಗೇ ಸೇರಲಿ.

ಓಡಿಸಿ ನೋಡಲು ಊರೊಳಗಿನ ಒಂದು ಸುತ್ತು ಸಾಲದು. ಚಿತ್ರದುರ್ಗದಲ್ಲಾದರೆ ಜೋಗಿಮಟ್ಟಿ ಕಡೆಯ ಏರು ಇದೆ, ದಾವಣಗೆರೆಯಲ್ಲಿ ಸರ್ವಿಸ್ ರಸ್ತೆಯಲ್ಲಾದರೂ ಇಬ್ಬರು ಕೂತು ಹತ್ತು ಹದಿನೈದು ಕಿಲೋಮೀಟರ್ ಹೋಗಿಬನ್ನಿ. ಬಿಸಿಯಾದ ಮೇಲೆ ಮೂರನೇ ಗೇರ್‌ನಲ್ಲಿ ಪೂರ್ತಿ ಕೊಟ್ಟಾಗ ಎಂಜಿನ್ ಕೂಗಿ ವೇಗ ಏರದಿದ್ದರೆ ಕ್ಲಚ್. ಗೇರ್ ತಾನಾಗಿ ನ್ಯೂಟ್ರಲ್‌ಗೆ ಜಾರಿದರೆ ಗೇರ್ ಬಾಕ್ಸ್, ಅದಕ್ಕೂ ಕೇಸ್ ಒಡೆಯಬೇಕು. ವಾಪಸ್ ಬಂದು ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಮತ್ತೆ ಕಿಕ್ ಹೊಡೆಯಿರಿ. ಬಿಸಿಯಲ್ಲಿ ಸ್ಟಾರ್ಟ್ ಆಗಲು ಸತಾಯಿಸಿದರೆ ಕಾಯಿಲ್ ಮೇಲೆ ಅನುಮಾನ.

ಲೆಕ್ಕ

ಲೆಕ್ಕ ತೋರಿಸಲು ಅಂಕಿ ಹಿಡಿಯೋಣ. ಇವು ಇವತ್ತಿನ ಮಾರ್ಕೆಟ್ ರೇಟಲ್ಲ, ವಿಧಾನ ಅರ್ಥವಾಗಲು ಅಷ್ಟೇ. ಕಾಗದ ಸರಿಯಿರುವ, ಸಾಧಾರಣವಾಗಿ ಓಡುವ, ಅಲ್ಪಸ್ವಲ್ಪ ಸಾಮಾನು ಬದಲಾದ ಆರ್‌ಎಕ್ಸ್ ನಿಮ್ಮ ಪರಿಚಯದವರಲ್ಲಿ ಕೊನೆಗೆ 60,000ಕ್ಕೆ ಕೈ ಬದಲಾಯಿತು ಎಂದಿಟ್ಟುಕೊಳ್ಳಿ. ಕೇಳಿದ ರೇಟಲ್ಲ, ಕೊಟ್ಟ ದುಡ್ಡು. ಅಂಥ ಎರಡು ಮೂರು ಮಾರಾಟ ತಿಳಿದುಕೊಂಡರೆ ಬುನಾದಿ ಸಿಕ್ಕಿತು.

ನೀವು ನೋಡುತ್ತಿರುವ ಗಾಡಿಗೆ ರಿನೀವಲ್, ಹಸಿರು ತೆರಿಗೆ, ಇನ್ಶೂರೆನ್ಸ್, ನಂಬರ್ ಪ್ಲೇಟ್ ಸೇರಿ 3,500 ಬೇಕು. ಸೀಲ್, ರಿಂಗ್, ಕೋನ್ ಸೆಟ್, ಎರಡು ಟೈರ್, ಕೂಲಿ ಸೇರಿ ಮೆಕ್ಯಾನಿಕ್ 12,000 ಹೇಳಿದರು. ಅದರ ಮೇಲೆ ಕಾಲು ಭಾಗ ಹೆಚ್ಚಿಗೆ ಹಿಡಿಯಿರಿ, ಏಕೆಂದರೆ ಬಿಚ್ಚಿದ ಮೇಲೆ ಇನ್ನೊಂದು ತೊಂದರೆ ಕಾಣದ ಹಳೇ ಎಂಜಿನ್ ಇಲ್ಲ. ಅಲ್ಲಿಗೆ 15,000. 60,000ದಲ್ಲಿ ಇವೆರಡು ಕಳೆದರೆ 41,500. ಈಗ ಸ್ಟಾಕ್ ಎಂಬುದಕ್ಕೆ ಕೂಡಿಸುವ ಪಾಳಿ. ಕಂಪನಿ ಸೈಲೆನ್ಸರ್, ಎರಡೂ ಕ್ರೋಮ್ ಮಡ್‌ಗಾರ್ಡ್ ಇವೆ, ಅವನ್ನು ಬೇರೆ ಕಡೆ ಹುಡುಕಿ ತರಲು 8,000 ಆಗುತ್ತಿತ್ತು. ಬ್ಲಾಕ್ ಸ್ಟ್ಯಾಂಡರ್ಡ್ ಬೋರ್, ಪೋರ್ಟ್ ಮುಟ್ಟಿಲ್ಲ, ಅದಕ್ಕೆ 4,000. ಒಟ್ಟು 53,500. ಅವರು 80,000 ಕೇಳುತ್ತಿದ್ದರೆ ನೀವು 48ಕ್ಕೆ ಶುರು ಮಾಡಿ 54ಕ್ಕೆ ನಿಲ್ಲಿಸಿ. ಲೆಕ್ಕದ ಚೀಟಿಯನ್ನೇ ಅವರ ಮುಂದಿಟ್ಟರೆ ಜಗಳಕ್ಕಿಂತ ಬೇಗ ಕೆಲಸ ಆಗುತ್ತದೆ.

ಮಾರುವವರೂ ಇದೇ ಚೀಟಿ ಬರೆಯಬಹುದು. ಮಾರುವ ಮೊದಲು ಪೇಂಟ್ ಹೊಡೆಸುವ ತಪ್ಪು ಮಾತ್ರ ಮಾಡಬೇಡಿ. ಮಾಸಿದರೂ ಕಂಪನಿ ಬಣ್ಣ ಇರುವ ಟ್ಯಾಂಕ್‌ಗೆ ಬೆಲೆ ಹೆಚ್ಚು. ಹೊಸ ಪೇಂಟ್ ಕಂಡರೆ ಕೊಳ್ಳುವವರು ಕೆಳಗೆ ಏನು ಮುಚ್ಚಿದ್ದಾರೆ ಎಂದೇ ಯೋಚಿಸುತ್ತಾರೆ. ರಿನೀವಲ್ ಮಾಡಿಸಿ, ಎಮಿಷನ್ ಮಾಡಿಸಿ, ತೊಳೆದು ನಿಲ್ಲಿಸಿ. ಇಲ್ಲಿ ಹಾಕಿದ ದುಡ್ಡು ಹೆಚ್ಚಾಗಿಯೇ ವಾಪಸ್ ಬರುತ್ತದೆ.

ಯಾರ ಹತ್ತಿರ ರೇಟ್ ಕೇಳಬೇಕು? ಸೆಕೆಂಡ್ಸ್ ಗಾಡಿ ಕನ್ಸಲ್ಟೆನ್ಸಿಗಳವರು ಕಾಗದದ ವಿಷಯದಲ್ಲಿ ಚುರುಕು, ಯಾವ ಗಾಡಿ ಎಷ್ಟು ದಿನದಲ್ಲಿ ಖಾಲಿಯಾಗುತ್ತದೆ ಎಂದು ಸರಿಯಾಗಿ ಹೇಳುತ್ತಾರೆ. ಆದರೆ ಅವರ ರೇಟಿನಲ್ಲಿ ಅವರ ಲಾಭ ಇರುತ್ತದೆ, ಪೋರ್ಟ್ ಒಳಗೆ ಟಾರ್ಚ್ ಹಾಕಲು ಅವರಿಗೆ ಪುರುಸೊತ್ತಿಲ್ಲ. ಹಳೇ ಟೂ ಸ್ಟ್ರೋಕ್ ಮೆಕ್ಯಾನಿಕ್ ಎಂಜಿನ್ ಬಗ್ಗೆ ಹೇಳಿದ್ದು ಹೆಚ್ಚಿನಂಶ ನಿಜ, ಮಾರ್ಕೆಟ್ ಬೆಲೆ ಬಗ್ಗೆ ಹೇಳಿದ್ದು ಅಭಿಮಾನ. ಅವರನ್ನು ಸುಮ್ಮನೆ ಕರೆದುಕೊಂಡು ಹೋಗಬೇಡಿ, ಅರ್ಧ ದಿನದ ಕೂಲಿ ಕೊಟ್ಟು ಕರೆದುಕೊಂಡು ಹೋಗಿ. ಪುಕ್ಕಟೆ ಬಂದವರು ಮಾರುವವರಿಗೂ ಪರಿಚಯದವರಾಗಿದ್ದರೆ ಬಾಯಿ ಬಿಡುವುದಿಲ್ಲ.

ಈ ಲೆಕ್ಕ ಎಲ್ಲಾ ಹಳೇ ಗಾಡಿಗೂ ಹೊಂದುವುದಿಲ್ಲ. ಎರಕದ ಕಬ್ಬಿಣದ ಎಂಜಿನ್‌ನ ಹಳೇ ಬುಲೆಟ್‌ಗೆ ಹೆಚ್ಚುಕಡಿಮೆ ಹೀಗೇ, ಅಲ್ಲೂ ಸ್ಟಾಕ್‌ಗೆ ಬೆಲೆ ಇದೆ. 1994ರಿಂದ ಬಂದ ಹೀರೋ ಹೋಂಡಾ ಸ್ಪ್ಲೆಂಡರ್‌ಗೆ ಇಲ್ಲ. ಅದು ಊರೆಲ್ಲ ಇದೆ, ಸಾಮಾನು ಮೂಲೆ ಮೂಲೆಯಲ್ಲಿ ಸಿಗುತ್ತದೆ. ಹಾಗಾಗಿ ಕಂಪನಿ ಇಂಡಿಕೇಟರ್ ಉಳಿದಿದೆ ಎಂದು ಯಾರೂ ಹೆಚ್ಚಿಗೆ ಕೊಡುವುದಿಲ್ಲ. ಅಲ್ಲಿ ಎಂಜಿನ್ ಸದ್ದು, ಮೈಲೇಜ್, ಆರ್‌ಸಿ ಅವಧಿ, ಇಷ್ಟೇ ಬೆಲೆ.

ವ್ಯವಹಾರ ಕುದುರಿದ ದಿನ ಫಾರಂ 29 ಎರಡು ಪ್ರತಿ, ಫಾರಂ 30, ಸಾಲ ಇದ್ದರೆ ಫಾರಂ 35, ಇಬ್ಬರ ಆಧಾರ್ ಪ್ರತಿ ತಯಾರಿರಲಿ. ಸಹಿ ಆರ್‌ಸಿಯಲ್ಲಿರುವ ಹೆಸರಿನವರದೇ ಆಗಬೇಕು, ‘ನಮ್ಮಣ್ಣಂದು, ನಾನೇ ಹಾಕ್ತೀನಿ’ ನಡೆಯುವುದಿಲ್ಲ. ಮುಂಗಡ ಎಷ್ಟೇ ಕೊಟ್ಟರೂ ರಸೀದಿಯಲ್ಲಿ ಚಾಸಿ ನಂಬರ್ ಬರೆಸಿಕೊಳ್ಳಿ. ಬಾಕಿ ದುಡ್ಡಿನಲ್ಲಿ ಒಂದಿಷ್ಟು ಹೆಸರು ವರ್ಗಾವಣೆ ಆದ ಮೇಲೆ ಎಂದು ಅದೇ ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಗಾಡಿ ಕೈಗೆ ಬಂದ ದಿನಾಂಕ ಮತ್ತು ಸಮಯ ಕೂಡ ಬರೆಯಿರಿ, ಆ ಹೊತ್ತಿನ ಮುಂಚೆ ಬಿದ್ದ ದಂಡ ಯಾರದು ಎಂಬ ತಕರಾರು ಬಂದಾಗ ಬೇಕಾಗುವುದು ಅದೇ.